ದಳಪತಿಗೆ ಸಾಲು ಹೇಳಿಕೊಟ್ಟವಳು

ಸ್ಟೆನೋ ಕೆಲಸಕ್ಕೆ ಈಗ ಯಾರೂ ಸೇರುವುದಿಲ್ಲ. ಸೇರೋಣವೆಂದರೆ ಆ ಕೆಲಸವೇ ಇಲ್ಲ. ಆದರೆ ನಾನಿದ್ದ ಪರ್ಸನಲ್ ವಿಭಾಗ ಎಚ್.ಆರ್. ಎಂಬ ಹೊಸ ಹೆಸರಿಟ್ಟುಕೊಂಡು ಎಲ್ಲ ಕಂಪನಿಗಳಲ್ಲೂ ಇದೆ. ಅದಕ್ಕೆ ಸೇರಿರುವ ಮೂವರು ಹುಡುಗಿಯರು ನಮ್ಮ ಕಟ್ಟಡದಲ್ಲೇ ಇದ್ದಾರೆ. ಲಿಫ್ಟಿನಲ್ಲಿ ಸಿಕ್ಕಾಗ "ಆಂಟಿ, ನಿಮ್ ಟೈಮಲ್ಲಿ ಹೆಂಗಿತ್ತು?" ಎಂದು ಕೇಳುತ್ತಾರೆ. ಮೂರನೇ ಮಹಡಿ ಬರುವಷ್ಟರಲ್ಲಿ ಹೇಳಿ ಮುಗಿಯುವ ವಿಷಯವಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ಎರಡು ಸಿಕ್ಕವು. ಮೊದಲನೆಯದಕ್ಕೆ ಕೈ ಇರುವ ಕುರ್ಚಿ ಕೊಟ್ಟರು. ಎರಡನೆಯದಕ್ಕೆ ಕುರ್ಚಿ ಖಾಲಿ ಇಲ್ಲ ಎಂದರು.

ನಾನು ಸೇರಿದ್ದು ಎಪ್ಪತ್ತರ ದಶಕದ ನಡುವೆ, ಹೂಡಿಯ ಹತ್ತಿರ ನೀರಿನ ಪಂಪು ಮಾಡುವ ಒಂದು ಕಾರ್ಖಾನೆಗೆ. ಶಿವಾಜಿನಗರದಲ್ಲಿ ವೈಟ್‌ಫೀಲ್ಡ್ ಬಸ್ಸು ಹತ್ತಿ, ಇಳಿದ ಮೇಲೆ ರಾಗಿ ಹೊಲದ ಬದುವಿನ ಮೇಲೆ ಹತ್ತು ನಿಮಿಷ ನಡೆಯಬೇಕಿತ್ತು. ಸೀರೆಯಂಚಿಗೆ ಕಚ್ಚಿಕೊಂಡ ಉತ್ತರಾಣಿ ಬೀಜ ಕೀಳುತ್ತ ಕೂತಿರುವಾಗಲೇ ಒಳಕೋಣೆಯಿಂದ ಕರೆಗಂಟೆ ಕೇಳಿಸುತ್ತಿತ್ತು. ಒಳಗಿದ್ದವರು ನಮ್ಮ ಪರ್ಸನಲ್ ಮ್ಯಾನೇಜರ್ ಶೇಷಾದ್ರಿ. ಇತಿಹಾಸದಲ್ಲಿ ಎಂ.ಎ. ಮಾಡಿದ್ದರು. ಅದಕ್ಕೆ ಎಲ್ಲೂ ಕೆಲಸ ಸಿಗದೆ ಮನುಷ್ಯರನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದಿದ್ದರು. ಕೋಣೆಯ ಉದ್ದಕ್ಕೂ ನಡೆಯುತ್ತ ಡಿಕ್ಟೇಶನ್ ಕೊಡುತ್ತಿದ್ದರು. ಕಿಟಕಿಯ ಕಡೆ ಹೋದಾಗ ಹೇಳಿದ್ದು ಹೊಲಕ್ಕೆ ಕೇಳುತ್ತಿತ್ತು, ನನಗೆ ಕೇಳುತ್ತಿರಲಿಲ್ಲ.

ಮೊದಲ ದಿನವೇ ಅವರು ನನಗೊಂದು ಪಾಠ ಹೇಳಿದರು. "ನೋಡಮ್ಮಾ, ಟೈಪ್ ಮಾಡಿದ್ದು ಬೆರಳಲ್ಲೇ ಇರ್ಬೇಕು. ಬಾಯಿಗೆ ಬರ್ಬಾರ್ದು." ಆ ಮಾತನ್ನು ನಾನು ಚೆನ್ನಾಗಿ ಪಾಲಿಸಿದೆ. ಎಷ್ಟು ಚೆನ್ನಾಗಿ ಎನ್ನುವುದನ್ನು ಮುಂದೆ ಹೇಳುತ್ತೇನೆ. ಹೆಮ್ಮೆಪಡುವಂಥದ್ದೇನಲ್ಲ.

ಮೊದಲ ತಿಂಗಳ ನನ್ನ ಸಾಧನೆಯನ್ನೂ ಹೇಳಿಬಿಡಬೇಕು. ಆಗ ಪ್ರತಿ ಪತ್ರಕ್ಕೂ ಕಾರ್ಬನ್ ಪ್ರತಿ ತೆಗೆಯಬೇಕಿತ್ತು. ನಾನು ಕಾರ್ಬನ್ ಹಾಳೆಯನ್ನು ತಿರುಗುಮುರುಗಾಗಿ ಇಟ್ಟು ಹನ್ನೊಂದು ಪತ್ರ ಹೊಡೆದೆ. ಪ್ರತಿಯ ಹಾಳೆ ಖಾಲಿ ಉಳಿಯಿತು, ಅಸಲು ಪತ್ರದ ಬೆನ್ನಿಗೆ ಅಕ್ಷರವೆಲ್ಲ ಕನ್ನಡಿಯಲ್ಲಿ ಕಂಡಂತೆ ಮೂಡಿತು. ಪತ್ರಗಳು ಅಷ್ಟರಲ್ಲಿ ಹೋಗಿಬಿಟ್ಟಿದ್ದವು. ಶೇಷಾದ್ರಿಯವರು ಹನ್ನೊಂದು ಖಾಲಿ ಹಾಳೆಗೂ ಸಹಿ ಮಾಡಿ ಫೈಲು ಮಾಡಲು ಹೇಳಿದರು. ಆಮೇಲೆ ಆಡಿಟ್‌ನವರು ಎರಡು ಸಲ ಬಂದು ಆ ಫೈಲು ನೋಡಿ ಎಲ್ಲ ಸರಿಯಾಗಿದೆ ಎಂದು ಬರೆದು ಹೋದರು.

ಈಗ ಚೌಡಪ್ಪನವರ ವಿಷಯ.

ಚೌಡಪ್ಪನವರು ಫೌಂಡ್ರಿಯಲ್ಲಿದ್ದರು, ಫೋರ್‌ಮನ್ ಆದದ್ದು ಆಮೇಲೆ. ಫೌಂಡ್ರಿ ಎಂದರೆ ಕಬ್ಬಿಣ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ಯುವ ಜಾಗ. ಕಾರ್ಖಾನೆ ಶುರುವಾದಾಗ ಆ ಬೆಂಕಿಯ ಮುಂದೆ ನಿಲ್ಲಲು ಯಾರೂ ಬರಲಿಲ್ಲವಂತೆ. ಹೂಡಿಯ ಕಡೆಯ ರೈತರಾದ ಚೌಡಪ್ಪನವರು ಒಂದು ಬೆಳಿಗ್ಗೆ ಗೇಟಿಗೆ ಬಂದು, "ಜನ ಬೇಕಂತಲ್ಲ. ಎಷ್ಟು ಬೇಕು?" ಎಂದು ಕೇಳಿದರಂತೆ. ಸಂಜೆಯೊಳಗೆ ಆರು ಜನರನ್ನು ಕರೆತಂದರು. ತಿಂಗಳೊಳಗೆ ಹೂಡಿ, ಪಟ್ಟಂದೂರು ಅಗ್ರಹಾರದ ಕಡೆಯಿಂದ ಅರವತ್ತು ಜನ ಆದರು. ಎಲ್ಲರೂ ಅವರ ನೆಂಟರು, ಇಲ್ಲವೇ ನೆಂಟರಿಗೆ ನೆಂಟರು. ಹಾಜರಾತಿಯನ್ನು ಅವರು ಬಾಯಲ್ಲೇ ಇಟ್ಟುಕೊಳ್ಳುತ್ತಿದ್ದರು, ಏಕೆಂದರೆ ಓದು ಬರಹ ಬರುತ್ತಿರಲಿಲ್ಲ. ಹೆಸರು ಬರೆಯಲು ಮಾತ್ರ ಕಲಿತಿದ್ದರು. ಅದನ್ನು ನಿಧಾನವಾಗಿ, ಕೊನೆಯ ಅಕ್ಷರಕ್ಕೆ ಉಸಿರು ಹಿಡಿದು ಬರೆಯುತ್ತಿದ್ದರು.

ನಾನು ಸೇರಿ ಮೂರು ನಾಲ್ಕು ವರ್ಷಕ್ಕೆ ಒಂದು ದೊಡ್ಡ ಮುಷ್ಕರವಾಯಿತು. ಕುಲುಮೆಯಲ್ಲಿ ಕಬ್ಬಿಣ ಕರಗಿ ನಿಂತಿತ್ತು. ಅದು ಒಳಗೇ ಹೆಪ್ಪುಗಟ್ಟಿದರೆ ಕುಲುಮೆಯನ್ನೇ ಒಡೆದುಹಾಕಬೇಕು. ಮ್ಯಾನೇಜರುಗಳು ಒಂದು ಕಡೆಯಿಂದ, ಯೂನಿಯನ್ನಿನವರು ಇನ್ನೊಂದು ಕಡೆಯಿಂದ ಚೌಡಪ್ಪನವರ ಬಳಿ ಓಡಿದರು. ಅವರು ಇಬ್ಬರಿಗೂ ಮಜ್ಜಿಗೆ ಕೊಡಿಸಿ, "ಬೆಂಕಿಗೆ ನಿಮ್ ಜಗಳ ಗೊತ್ತಾಯ್ತದಾ?" ಎಂದು ಹೇಳಿ, ತಮ್ಮ ಜನರಿಂದ ಕಬ್ಬಿಣವನ್ನು ಹೊರಗೆ ಹೊಯ್ಯಿಸಿದರು. ಆಮೇಲೆ ಅರವತ್ತು ಜನರನ್ನೂ ಕರೆದುಕೊಂಡು ಹೋಗಿ ಮುಷ್ಕರದವರ ಜೊತೆ ಕೂರಿಸಿದರು. ಕಂಪನಿ ಉಳಿಯಿತು, ಯೂನಿಯನ್ ಗೆದ್ದಿತು. ಇಬ್ಬರೂ ಅವರಿಗೆ ಋಣಿಗಳಾದರು. ಇದಕ್ಕಿಂತ ಅಪಾಯದ ಜಾಗ ನೌಕರಿಯಲ್ಲಿ ಇನ್ನೊಂದಿಲ್ಲ.

ಮುಷ್ಕರ ಮುಗಿದ ಮೇಲೆ ಅವರನ್ನು ಫೋರ್‌ಮನ್ ಮಾಡಿದರು. ಆ ಪತ್ರ ಟೈಪ್ ಮಾಡಿದ್ದು ನಾನೇ. ಫೋರ್‌ಮನ್ ಎಂದರೆ ಕಾನೂನಿನ ಪ್ರಕಾರ ಕಾರ್ಮಿಕನಲ್ಲ, ಮೇಲ್ವಿಚಾರಕ. ಯೂನಿಯನ್ನಿನಲ್ಲಿ ಇರುವಂತಿಲ್ಲ. ಚೌಡಪ್ಪನವರಿಗೆ ಸಂತೋಷವಾಗಿತ್ತು. ನನ್ನ ಮೇಜಿನ ಮೇಲೆ ಒಂದು ಗೊನೆ ಏಲಕ್ಕಿ ಬಾಳೆಹಣ್ಣು ಇಟ್ಟು ಹೋದರು.

ಆಮೇಲೆ ಬಂದವರು ಹೊಸ ಜನರಲ್ ಮ್ಯಾನೇಜರ್. ಒಂದು ದಿನ ಫೌಂಡ್ರಿಗೆ ಹೋಗಿ, ದಾರಿಯಲ್ಲಿದ್ದ ಅಚ್ಚಿನ ಪೆಟ್ಟಿಗೆಯನ್ನು ಸರಿಸು ಎಂದು ಒಬ್ಬನಿಗೆ ಹೇಳಿದರು. ಅವನು ಚೌಡಪ್ಪನವರ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು ಪೆಟ್ಟಿಗೆ ಸರಿಸಿದ. ಎಲ್ಲ ಸೇರಿ ಎರಡು ಸೆಕೆಂಡು ಹಿಡಿದಿರಬಹುದು. ಜನರಲ್ ಮ್ಯಾನೇಜರಿಗೆ ಆ ಎರಡು ಸೆಕೆಂಡನ್ನು ಮರೆಯಲು ಆಗಲೇ ಇಲ್ಲ.

ಅದೇ ವರ್ಷ ರಾಜ್ಯೋತ್ಸವಕ್ಕೆ ಶೇಷಾದ್ರಿಯವರು ಒಂದು ನಾಟಕ ಬರೆದರು. ಮುನ್ನೂರೈವತ್ತು ವರ್ಷದ ಹಿಂದಿನ ಕಥೆ. ಕೆಂಚನಾಯಕ ಎಂಬ ಕುದುರೆ ಕಾಯುವವನು ತನ್ನದೇ ಪಡೆ ಕಟ್ಟಿ, ಕೂಲಿಗೆ ಯುದ್ಧ ಮಾಡುತ್ತ ದೊಡ್ಡ ದಳಪತಿಯಾಗುತ್ತಾನೆ. ಒಬ್ಬ ರಾಜನಿಗೆ ರಾಜ್ಯ ಉಳಿಸಿಕೊಡುತ್ತಾನೆ. ಪಡೆ ದಳಪತಿಯ ಮಾತು ಕೇಳುತ್ತದೆ, ತನ್ನ ಮಾತು ಕೇಳುವುದಿಲ್ಲ ಎಂದು ರಾಜನಿಗೆ ಭಯ ಹುಟ್ಟುತ್ತದೆ. ದಳಪತಿಯ ಆರು ಜನ ಸರದಾರರನ್ನೇ ಒಲಿಸಿಕೊಂಡು ಅವನನ್ನು ಕೊಲ್ಲಿಸುತ್ತಾನೆ. ಇಂಥವನೊಬ್ಬ ನಿಜಕ್ಕೂ ಇದ್ದನೇ ಎಂದು ಕೇಳಿದೆ. "ಇದ್ದ ಅಂತ ಬರ್ದಿಲ್ಲಮ್ಮ. ಆದ್ರೆ ಇಂಥೋರು ಆಗ ಎಲ್ಲಾ ದೇಶದಲ್ಲೂ ಇದ್ರು. ಎಲ್ರಿಗೂ ಇದೇ ಗತಿ," ಎಂದರು. ನಾನು ಅದನ್ನು ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಿ ಮೂವತ್ತು ಪ್ರತಿ ತೆಗೆದೆ.

ಕಾರ್ಖಾನೆಯಲ್ಲಿ ಏನೇ ಮಾಡಿದರೂ ಅದು ಕಾರ್ಮಿಕರ ಸಮಿತಿಯ ಮುಂದೆ ಹೋಗಬೇಕು. ಕ್ಯಾಂಟೀನಿನ ಸಾಂಬಾರು ಹೋಗುತ್ತಿತ್ತು, ನಾಟಕವೂ ಹೋಯಿತು. ಯೂನಿಯನ್ ಕಾರ್ಯದರ್ಶಿ ನಾರಾಯಣ ಮೂರು ಆಕ್ಷೇಪ ಎತ್ತಿದ. ಸಭೆಯ ಟಿಪ್ಪಣಿ ಬರೆದುಕೊಂಡವಳು ನಾನು, ಆದ್ದರಿಂದ ಇದರಲ್ಲಿ ಉತ್ಪ್ರೇಕ್ಷೆಯಿಲ್ಲ.

"ಪಾತ್ರ ಹಂಚೋದು ಮ್ಯಾನೇಜ್‌ಮೆಂಟ್ ಇಷ್ಟ ಬಂದಂಗೆ ಆಗಕ್ಕಿಲ್ಲ ಸಾರ್. ಸೀನಿಯಾರಿಟಿ ಪ್ರಕಾರ ಆಗ್ಬೇಕು."

ಒಪ್ಪಿಕೊಂಡರು.

"ಕುದುರೆ ಕಾಯೋನು ಎರಡ್ನೇ ಸೀನಲ್ಲೇ ದಳಪತಿ ಆಗ್ತಾನೆ. ಮಧ್ಯದ ಗ್ರೇಡೆಲ್ಲ ಎಲ್ಲೋಯ್ತು? ನಾಳೆ ಇದ್ನೇ ತೋರ್ಸಿ ನಿಮ್ಗೆ ಬೇಕಾದೋರ್ನ ಮೇಲಕ್ಕೆ ಎತ್ಕೋತೀರ."

ಎರಡು ದೃಶ್ಯಗಳ ನಡುವೆ, ಕೆಂಚನಾಯಕ ಮೂರು ವರ್ಷ ಹವಾಲ್ದಾರನಾಗಿಯೂ ನಾಲ್ಕು ವರ್ಷ ಜಮಾದಾರನಾಗಿಯೂ ಇದ್ದನೆಂದು ಸೂತ್ರಧಾರನ ಬಾಯಲ್ಲಿ ಹೇಳಿಸುವುದೆಂದು ತೀರ್ಮಾನವಾಯಿತು.

ಮೂರನೆಯದಕ್ಕೆ ನಾರಾಯಣ ಎದ್ದು ನಿಂತ. "ಕೊನೇಲಿ ಅವ್ನ ಸುಮ್ನೆ ತಿವಿದು ಸಾಯಿಸ್ತೀರಲ್ಲ, ಚಾರ್ಜ್‌ಶೀಟ್ ಎಲ್ಲಿ? ಎನ್‌ಕ್ವೈರಿ ಎಲ್ಲಿ? ನಿಂದೇನು ಹೇಳೋದಿದೆ ಅಂತ ಒಂದ್ ಮಾತು ಕೇಳ್ಬೇಡ್ವಾ? ಇದು ನ್ಯಾಯಾನಾ?"

"ಅದು ಹದಿನೇಳನೇ ಶತಮಾನ ಕಣಯ್ಯ," ಎಂದರು ಶೇಷಾದ್ರಿ.

"ನೋಡ್ತಿರೋದು ಇವತ್ತಿನೋರು ಸಾರ್."

ಹೀಗೆ ಹೊಸದೊಂದು ದೃಶ್ಯ ಸೇರಿತು. ಮಂತ್ರಿ ಆರೋಪ ಓದುತ್ತಾನೆ, ಆರು ಸರದಾರರು ಸಾಕ್ಷಿ ಹೇಳುತ್ತಾರೆ. ಮಂತ್ರಿ ದಳಪತಿಗೆ, "ನೀನು ಹೇಳುವುದು ಏನಾದರೂ ಇದೆಯೇ?" ಎಂದು ಕೇಳುತ್ತಾನೆ. ದಳಪತಿ, "ನನ್ನ ಪರವಾಗಿ ನನ್ನ ಖಡ್ಗವೇ ಮಾತಾಡಲಿ!" ಎಂದು ಗರ್ಜಿಸುತ್ತಾನೆ. ನಂತರ ಕೊಲ್ಲುತ್ತಾರೆ. ನಾನು ಆ ಹಾಳೆಯನ್ನು ಬೇರೆಯಾಗಿ ಟೈಪ್ ಮಾಡಿ ಎಲ್ಲರ ಪ್ರತಿಗೂ ಗುಂಡುಸೂಜಿ ಹಾಕಿ ಸೇರಿಸಿದೆ.

ಸೀನಿಯಾರಿಟಿ ಪಟ್ಟಿ ತೆಗೆದರೆ ಮೊದಲ ಹೆಸರೇ ಚೌಡಪ್ಪ. ಫೋರ್‌ಮನ್ ಆದರೂ ನಾಟಕಕ್ಕೆ ನಮ್ಮವರೇ ಎಂದು ನಾರಾಯಣನೂ ಒಪ್ಪಿದ. ಅವರ ನಂತರದ ಆರು ಹೆಸರು, ಅವರು ಮೊದಲ ದಿನ ಕರೆತಂದ ಆ ಆರು ಜನರವು. ಅವರೇ ಸರದಾರರಾದರು. ಅದರಲ್ಲೊಬ್ಬ ಮುನಿರಾಜು, ಚೌಡಪ್ಪನವರ ಅಕ್ಕನ ಮಗ. ಅವರ ಮನೆಯಲ್ಲೇ ಬೆಳೆದವನು.

ದಳಪತಿಗೆ ಓದು ಬರುವುದಿಲ್ಲವಲ್ಲ! ನಾಟಕ ಟೈಪ್ ಮಾಡಿದವಳೇ ಹೇಳಿಕೊಡಲಿ ಎಂದರು. ಎರಡು ತಿಂಗಳು, ದಿನವೂ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರು ಕೈ ತೊಳೆದುಕೊಂಡು ಬಂದು ನನ್ನ ಮೇಜಿನ ಎದುರು ನಿಲ್ಲುತ್ತಿದ್ದರು. ಕೂತುಕೊಳ್ಳಿ ಎಂದರೆ ಕೂರುತ್ತಿರಲಿಲ್ಲ. "ಕುಂತ್ರೆ ಮಾತು ಒಳಿಕ್ಕೆ ಓಗಲ್ಲ ತಾಯಿ," ಎನ್ನುತ್ತಿದ್ದರು. ನಾನು ಒಂದು ಸಾಲು ಹೇಳಬೇಕು, ಅವರು ಹಾಗೇ ತಿರುಗಿ ಹೇಳಬೇಕು. ಸಾಲಿನ ಕೊನೆಯಲ್ಲಿ ಗಂಟಲು ಎತ್ತಬೇಕೆಂದು ಕಲಿಸಿದೆ. ಕಲಿತರು. ಮಾತಿನಲ್ಲಿ 'ಹ'ಕಾರ ನುಂಗುವ ಮನುಷ್ಯ ನಾಟಕದ ಸಾಲಿನಲ್ಲಿ ಒಂದು ಹಕಾರವನ್ನೂ ಬಿಡುತ್ತಿರಲಿಲ್ಲ. ನನ್ನ ನೌಕರಿಯಲ್ಲಿ ನಾನು ಸುಖಪಟ್ಟ ದಿನಗಳು ಯಾವುವು ಎಂದರೆ ಅವೇ.

ನಾಟಕ ಭಾನುವಾರ ಎಂದು ಗೊತ್ತುಮಾಡಿದ್ದರು. ಅದೇ ವಾರದ ಮಂಗಳವಾರ ಮತ್ತು ಬುಧವಾರ, ಶೇಷಾದ್ರಿಯವರ ಕೋಣೆಗೆ ಆ ಆರು ಜನರನ್ನು ಒಬ್ಬೊಬ್ಬರನ್ನಾಗಿ ಕರೆಸಿದರು. ನಾನು ಶಾರ್ಟ್‌ಹ್ಯಾಂಡ್ ಬರೆದುಕೊಂಡೆ. ಎಲ್ಲರ ಹೇಳಿಕೆಯೂ ಒಂದೇ. "ಚೌಡಪ್ಪ ಹೇಳಿದರೆ ಮಾತ್ರ ನಾವು ಕೆಲಸ ಮಾಡುತ್ತೇವೆ. ಕಂಪನಿ ಹೇಳಿದರೆ ಮಾಡದಂತೆ ಆತ ನಮ್ಮನ್ನು ಹೆದರಿಸಿದ್ದಾನೆ." ಮೊದಲ ವಾಕ್ಯ ನಿಜ. ಎರಡನೆಯದನ್ನು ಶೇಷಾದ್ರಿಯವರು ಹೇಳಿಕೊಟ್ಟರು. ಸಹಿ ಮಾಡಿದವರನ್ನು ಮೇಲಿನ ಗ್ರೇಡಿಗೆ ಹಾಕುವುದೆಂದು ಮಾತಾಗಿತ್ತು. ಮುನಿರಾಜು ಪೆನ್ನು ಹಿಡಿದ, ಮತ್ತೆ ಕೆಳಗಿಟ್ಟ. "ಮಾವಂಗೆ ಏನೂ ಆಗಲ್ಲ ಅಲ್ವಾ ಸಾರ್?" ಎಂದು ಕೇಳಿದ.

"ಏನಾಗುತ್ತಪ್ಪಾ?" ಎಂದರು ಅವರು. ಅದು ಉತ್ತರವಲ್ಲ ಎಂದು ನನಗೆ ಗೊತ್ತಾಯಿತು, ಅವನಿಗೆ ಗೊತ್ತಾಗಲಿಲ್ಲ.

ಶುಕ್ರವಾರ ನಾನು ಚೌಡಪ್ಪನವರ ಹೆಸರಿಗೆ ಒಂದು ಪತ್ರ ಟೈಪ್ ಮಾಡಿದೆ. ನಾಲ್ಕು ಸಾಲು, ಇಂಗ್ಲಿಷಿನಲ್ಲಿ. ದಿನಾಂಕ ಸೋಮವಾರದ್ದು. ಕಾರ್ಬನ್ ಸರಿಯಾಗಿಯೇ ಇಟ್ಟಿದ್ದೆ. "ಎನ್‌ಕ್ವೈರಿ ಬೇಡ್ವಾ ಸಾರ್?" ಎಂದು ಕೇಳಿದೆ. ಟೈಪ್ ಮಾಡಿದ ಪತ್ರದ ಬಗ್ಗೆ ಅಷ್ಟು ವರ್ಷದಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಅದು.

"ಅವನು ಫೋರ್‌ಮನ್ ಅಲ್ವೇನಮ್ಮ, ಕಾರ್ಮಿಕ ಅಲ್ಲ. ಒಂದ್ ತಿಂಗಳ ಸಂಬಳ ಕೊಟ್ಟು ಕಳಿಸ್ಬೋದು." ಅವರು ಕಿಟಕಿಯ ಕಡೆ ನಡೆದರು. "ಸೋಮವಾರ ಕೊಡೋಣ. ಭಾನುವಾರ ನಾಟಕ ಇದೆ. ಜಿ.ಎಂ. ಮುಖ್ಯ ಅತಿಥಿ. ದಳಪತಿ ಇಲ್ದಿದ್ರೆ ನಾಟಕ ನಡಿಯಲ್ಲ."

ಅವತ್ತು ಮಧ್ಯಾಹ್ನವೂ ಚೌಡಪ್ಪನವರು ಬಂದು ನಿಂತರು. ಕೊನೆಯ ದೃಶ್ಯ ಹೇಳಿಕೊಟ್ಟೆ. ಪತ್ರ ನನ್ನ ಮೇಜಿನ ಖಾನೆಯಲ್ಲಿತ್ತು, ಅವರ ಹೊಟ್ಟೆಗೂ ಅದಕ್ಕೂ ಒಂದು ಗೇಣು ಅಂತರ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಅವರು ನಾರಾಯಣನ ಹತ್ತಿರ ಹೋಗಬಹುದಿತ್ತು, ಅರವತ್ತು ಜನರನ್ನು ಕರೆದುಕೊಂಡು ಗೇಟಿನಲ್ಲಿ ಕೂರಬಹುದಿತ್ತು, ಮುನಿರಾಜುವಿನ ಮುಖ ನೋಡಿ ಒಂದು ಮಾತು ಕೇಳಬಹುದಿತ್ತು. ನಾನು ಹೇಳಲಿಲ್ಲ. ನನ್ನ ಕೆಲಸ ಹೋದರೆ ಮನೆಯಲ್ಲಿ ಐದು ಬಾಯಿ ಎಂದು ಅಂದುಕೊಂಡೆ. ಆಮೇಲೆ ಇಷ್ಟು ವರ್ಷವೂ ಅದನ್ನೇ ಅಂದುಕೊಂಡಿದ್ದೇನೆ. ನಾಚಿಕೆ ಕಡಿಮೆಯಾಗಿಲ್ಲ.

ಭಾನುವಾರ ಮಧ್ಯಾಹ್ನ ಕ್ಯಾಂಟೀನ್ ಶೆಡ್ಡಿನಲ್ಲಿ ನಾಟಕ. ಸುತ್ತಲ ಊರಿನವರೆಲ್ಲ ಬಂದಿದ್ದರು. ಹಗಲು ಬೆಳಕಿನಲ್ಲಿ ಬಣ್ಣ ಹಚ್ಚಿದ ಮುಖಗಳು ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತಿದ್ದವು. ನಾನು ಪಕ್ಕದ ಪರದೆಯ ಹಿಂದೆ ನಾಟಕದ ಪ್ರತಿ ಹಿಡಿದು, ಮರೆತವರಿಗೆ ಸಾಲು ಹೇಳಿಕೊಡಲು ಕೂತೆ. ಚೌಡಪ್ಪನವರು ಒಂದನ್ನೂ ಮರೆಯಲಿಲ್ಲ. ಕುದುರೆ ಕಾಯುವವನಾಗಿ ಬಂದರು, ಹವಾಲ್ದಾರರಾದರು, ನಿಯಮದ ಪ್ರಕಾರ ಜಮಾದಾರರಾದರು, ದಳಪತಿಯಾದರು. ಮುಂದಿನ ಸಾಲಿನಲ್ಲಿ ಜನರಲ್ ಮ್ಯಾನೇಜರ್ ಚಪ್ಪಾಳೆ ತಟ್ಟುತ್ತಿದ್ದರು.

ವಿಚಾರಣೆಯ ದೃಶ್ಯ ಬಂತು. ಆರು ಜನ ಸಾಕ್ಷಿ ಹೇಳಿದರು. ತನ್ನ ಸಾಲು ಬಂದಾಗ ಮುನಿರಾಜು ನನ್ನ ಪರದೆಯ ಕಡೆ ನೋಡಿದ. ನಾನು ಎರಡು ಸಲ ಹೇಳಿಕೊಡಬೇಕಾಯಿತು. ಮಂತ್ರಿ ಕೇಳಿದ. "ನೀನು ಹೇಳುವುದು ಏನಾದರೂ ಇದೆಯೇ?"

ಚೌಡಪ್ಪನವರು ಗರ್ಜಿಸಲಿಲ್ಲ. ಸುಮ್ಮನೆ ಆ ಆರು ಜನರನ್ನು ನೋಡಿದರು. ಮರೆತರೆಂದು ನಾನು "ನನ್ನ ಪರವಾಗಿ..." ಎಂದು ಪಿಸುಗುಟ್ಟಿದೆ. ಅವರು ಪರದೆಯ ಕಡೆ ಕೈ ಅಡ್ಡ ಹಿಡಿದು ನನ್ನನ್ನು ತಡೆದರು. ಆಮೇಲೆ ಮಂತ್ರಿಯ ಕಡೆ ತಿರುಗಿ, ತಮ್ಮ ಊರ ಮಾತಿನಲ್ಲೇ ಹೇಳಿದರು.

"ನಾನೇನ್ ಏಳ್ಲಿ ಸ್ವಾಮಿ. ಇವ್ರು ನಾನ್ ಕರ್ಕೊಂಡ್ ಬಂದ ಉಡುಗ್ರು. ಸುಳ್ಳೇಳೋರಲ್ಲ. ಇವ್ರೇ ನನ್ ತಪ್ಪೈತೆ ಅಂದ್ರೆ, ತಪ್ಪಿರ್ಬೇಕು."

ಅವರಿಗೆ ಏನೂ ಗೊತ್ತಿರಲಿಲ್ಲ. ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಖಡ್ಗದ ಸಾಲು ಅವರಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ, ಅಷ್ಟೇ.

ಇನ್ನು ಆರು ಜನರೂ ತಿವಿಯಬೇಕು. ಯಾರೂ ಅಲುಗಲಿಲ್ಲ. ಮುನಿರಾಜುವಿನ ಕೈಯಿಂದ ತಗಡಿನ ಕತ್ತಿ ಬಿದ್ದು ಸಿಮೆಂಟಿನ ಮೇಲೆ ಸದ್ದಾಯಿತು. ಅವನು ಮುಖ ಮುಚ್ಚಿಕೊಂಡು ಅಳತೊಡಗಿದ. ಎಂಥ ಅಭಿನಯ ಎಂದು ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ನಿಂತಿತು. ಆದರೂ ಯಾರೂ ಅಲುಗಲಿಲ್ಲ. ನಾಟಕ ಕೆಡುತ್ತಿದೆ ಎಂದು ಚೌಡಪ್ಪನವರಿಗೆ ಗಾಬರಿಯಾಯಿತು. ಅವರು ಹಲ್ಲು ಕಚ್ಚಿಕೊಂಡು, ಫೌಂಡ್ರಿಯಲ್ಲಿ ಹೇಳುವ ದನಿಯಲ್ಲಿ, "ಒಡೀರ್ಲಾ! ಜನ ಕಾಯ್ತಾವ್ರೆ!" ಎಂದರು.

ಅವರು ಹೇಳಿದ ಮೇಲೆ ಆರು ಜನರೂ ಹೊಡೆದರು.

ಚೌಡಪ್ಪನವರು ಚೆನ್ನಾಗಿ ಸತ್ತರು. ಜನರಲ್ ಮ್ಯಾನೇಜರ್ ಸ್ವತಃ ಮೇಲೆ ಹತ್ತಿ ಬಂದು ಅವರಿಗೆ ಬೆಳ್ಳಿ ಬಣ್ಣದ ಪದಕ ತೊಡಿಸಿ ಕೈ ಕುಲುಕಿದರು.

ಸೋಮವಾರ ಶೇಷಾದ್ರಿಯವರಿಗೆ ಹೊಟ್ಟೆನೋವು ಬಂತು. "ನೀನೇ ಕೊಟ್ಬಿಡಮ್ಮ, ನಿನ್ ಮಾತು ಕೇಳ್ತಾನೆ," ಎಂದು ಫೋನಿನಲ್ಲಿ ಹೇಳಿದರು. ಹೇಳಿ ಕಳಿಸಿದ ಮೇಲೆ, ಮಧ್ಯಾಹ್ನದ ಬಿಡುವಿನಲ್ಲಿ ಚೌಡಪ್ಪನವರು ಎಂದಿನಂತೆ ಕೈ ತೊಳೆದು ಬಂದು ನಿಂತರು. ಕಿವಿಯ ಹಿಂದೆ ಇನ್ನೂ ಗುಲಾಬಿ ಬಣ್ಣವಿತ್ತು. ಪತ್ರ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ ನನಗೇ ಹಿಂದಕ್ಕೆ ಕೊಟ್ಟರು.

"ಇಂಗ್ಲೀಸಾ? ನಾಟಕದಂಗೆ ಏಳ್ಕೊಟ್ಬುಡು ತಾಯಿ."

ನಾನು ಕನ್ನಡ ಮಾಡುತ್ತ ಓದಿದೆ. "ಫೌಂಡ್ರಿ ಫೋರ್‌ಮನ್ ಚೌಡಪ್ಪ ಅವರಿಗೆ."

"ಫೌಂಡ್ರಿ ಫೋರ್‌ಮನ್ ಚೌಡಪ್ಪ ಅವರಿಗೆ," ಎಂದರು. ಎರಡು ತಿಂಗಳ ಅಭ್ಯಾಸ.

"ನಿಮ್ಮ ಮೇಲೆ ಕಂಪನಿಗೆ ವಿಶ್ವಾಸ ಉಳಿದಿಲ್ಲ."

"ನಿಮ್ಮ ಮೇಲೆ ಕಂಪನಿಗೆ ವಿಶ್ವಾಸ ಉಳಿದಿಲ್ಲ."

"ನಿಮ್ಮ ಸೇವೆಯನ್ನು ಇಂದಿನಿಂದ ಕೊನೆಗೊಳಿಸಲಾಗಿದೆ."

"ನಿಮ್ಮ ಸೇವೆಯನ್ನು ಇಂದಿನಿಂದ ಕೊನೆಗೊಳಿಸಲಾಗಿದೆ." ಸಾಲಿನ ಕೊನೆಗೆ ಗಂಟಲು ಎತ್ತಿದರು. ಎತ್ತಿದ ಮೇಲೆ ಅರ್ಥವಾಯಿತು. ಅಲ್ಲಿದ್ದ ಕುರ್ಚಿಯಲ್ಲಿ ಮೊದಲ ಸಲ ಕೂತರು.

ಕೂತಲ್ಲಿಂದಲೇ ಕೇಳಿದರು. "ಆ ಕೇಳೋ ಸಾಲು ಎಲ್ಲೈತೆ?"

"ಯಾವ ಸಾಲು?" ಎಂದೆ, ಗೊತ್ತಿದ್ದೂ.

"ಅದೇ, ನೀನು ಹೇಳುವುದು ಏನಾದರೂ ಇದೆಯೇ ಅಂತ." ಹಕಾರವನ್ನು ಸರಿಯಾಗಿ ಹಾಕಿಯೇ ಹೇಳಿದರು.

ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. "ಟೈಪ್ ಮಾಡುವಾಗ ಬಿಟ್ಟುಹೋಗಿದೆ ಚೌಡಪ್ಪಣ್ಣ," ಎಂದೆ.

ಅವರು ನನ್ನ ಮುಖ ನೋಡಿದರು. ನಾನು ಅತ್ತುಬಿಡುತ್ತೇನೆ ಎಂದು ಅವರಿಗೆ ಅನ್ನಿಸಿರಬೇಕು. "ಓಗ್ಲಿ ಬುಡು," ಎಂದು ಸಮಾಧಾನ ಮಾಡಿದರು. "ನಾಟಕದಾಗೂ ಮೊದ್ಲು ಬಿಟ್ಟೋಗಿತ್ತಲ್ಲ. ಆಮ್ಯಾಕೆ ಸೇರ್ಸಿದ್ರಿ."

ಕಾರ್ಬನ್ ಪ್ರತಿಯ ಮೇಲೆ ನಿಧಾನವಾಗಿ ಹೆಸರು ಬರೆದು, ಕೊನೆಯ ಅಕ್ಷರಕ್ಕೆ ಉಸಿರು ಹಿಡಿದು, ಎದ್ದು ಹೋದರು. ಯೂನಿಯನ್ ಏನಾದರೂ ಮಾಡಬಹುದೇ ಎಂದು ನಾರಾಯಣನನ್ನು ಕೇಳಿದೆ. ಅವರು ನಮ್ಮ ಸದಸ್ಯರಲ್ಲವಲ್ಲ ಅಕ್ಕ, ಎಂದ.

ನಾನು ಆ ಪ್ರತಿಯನ್ನು ಫೈಲಿಗೆ ಹಾಕಿದೆ. ಆಮೇಲೆ ಕಾರ್ಬನ್ ಹೋಯಿತು, ಸ್ಟೆನ್ಸಿಲ್ ಹೋಯಿತು, ಕಂಪ್ಯೂಟರುಗಳು ಬಂದವು. ಸಾಲು ಸೇರಿಸಲು ಈಗ ಹಾಳೆ ಬದಲಾಯಿಸಬೇಕಿಲ್ಲ, ಗುಂಡುಸೂಜಿಯೂ ಬೇಕಿಲ್ಲ ಎಂದು ನಮ್ಮ ಕಟ್ಟಡದ ಹುಡುಗಿಯರು ಹೇಳುತ್ತಾರೆ. ಒಳ್ಳೆಯದು. ಇಂಥ ಪತ್ರ ಕಳಿಸುವ ಮೊದಲು ಒಂದು ಸಲ ಮೇಲಿನಿಂದ ಕೆಳಗೆ ಓದಿ ನೋಡಿ, ಆ ಸಾಲು ಇದೆಯೋ ಇಲ್ಲವೋ. ಇಲ್ಲದಿದ್ದರೆ ಯಾಕಿಲ್ಲ ಎಂದು ಬಾಯಿ ಬಿಟ್ಟು ಕೇಳಿ. ನಾನು ಕೇಳಿದ್ದು ಒಂದೇ ಸಲ, ಅದೂ ಮೆಲ್ಲಗೆ.